ಮೂರು ಬೆರಳಿನ ರೊಟ್ಟಿ

ಪುಣೆ,
ರವಿವಾರ, 17 ಫೆಬ್ರುವರಿ 2008

ಅಣ್ಣನಿಗೆ ಫಕೀರಪ್ಪನ ನಮಸ್ಕಾರ.

ನಿನ್ನ ಮೊಣಕಾಲು ಹೇಗಿದೆ? ಆ ದಿನ ಶಾಲೆಯ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಊರಿ ಇಳಿದದ್ದನ್ನು ನೋಡಿದೆ. ಸಕ್ಕರೆ ಕಾಯಿಲೆಯ ಗುಳಿಗೆ ತಪ್ಪಿಸಬೇಡ. ವೈನಿಯ ಎಡಗಣ್ಣಿನ ಆಪರೇಶನ್ನನ್ನು ನಿಶ್ಚಯ ಕಾರ್ಯದ ನಂತರಕ್ಕೆ ಹಾಕಿದ್ದೀರಿ ಎಂದು ನಿನ್ನ ಮದುಮಗ ಮಾಂತುವೇ ಹೇಳಿದ. ಮದುಮಗನ ತಾಯಿ ಕರಿ ಕನ್ನಡಕ ಹಾಕಿಕೊಂಡು ನಿಲ್ಲಬಾರದೆಂದು ಇರಬೇಕು. ಇದನ್ನೆಲ್ಲ ವಾಡಿಕೆಗೆಂದು ಕೇಳುತ್ತಿಲ್ಲ. ನನಗೆ ನಿನ್ನ ಮೇಲೆ ಸಿಟ್ಟು ಬಂದಿದೆ. ಅದನ್ನು ಹೇಳುವ ಮೊದಲು ನೀನು ಗಟ್ಟಿಯಾಗಿದ್ದೀಯೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳಬೇಕಾಗಿದೆ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀ. ಫೋನಿನಲ್ಲಿ ನೀನು ಮಾತಾಡುತ್ತೀ, ನಾನು ಹೂಂ ಎನ್ನುತ್ತೇನೆ. ನಲವತ್ತು ವರ್ಷಗಳಿಂದ ಹಾಗೆಯೇ ನಡೆದಿದೆ. ಈ ಹತ್ತು ದಿನ ನನ್ನ ಸಿಟ್ಟು ಎಲ್ಲಿದೆ ಎಂದು ಹುಡುಕುವುದರಲ್ಲೇ ಕಳೆದೆ. ಕಚೇರಿಯಲ್ಲಿ ನೋಡದ ಗುಡ್ಡಗಳ ಎತ್ತರದ ಗೆರೆ ಎಳೆಯುತ್ತ ಕೂಡುವ ಮನುಷ್ಯ ನಾನು. ನೀರಾವರಿ ಇಲಾಖೆ ನನಗೆ ಕಲಿಸಿದ್ದು ಅದೊಂದೇ, ದೂರದಿಂದ ನೋಡುವುದು. ಸಿಟ್ಟನ್ನೂ ಹಾಗೆ ದೂರದಿಂದ ನೋಡಲು ಹೋದೆ. ಈ ಗುರುವಾರ ಒಂದು ನಕಾಶೆಯಲ್ಲಿ ಮೂರು ಗೆರೆ ಒಂದನ್ನೊಂದು ದಾಟಿಬಿಟ್ಟವು. ಎತ್ತರದ ಗೆರೆಗಳು ಎಂದೂ ಒಂದನ್ನೊಂದು ದಾಟುವುದಿಲ್ಲ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ನಾನು ಮಾಡದ ತಪ್ಪು ಅದು. ಹಾಳೆ ಹರಿದು ಹಾಕಿದೆ, ಪತ್ರ ಬರೆಯಬೇಕೆಂದು ಅಂದುಕೊಂಡೆ.

ಮೊದಲಿನಿಂದ ಹೇಳುತ್ತೇನೆ, ಏಕೆಂದರೆ ನೀನು ನೋಡಿದ್ದು ಮಾಂತು ಮುದ್ರಿಸಿ ಕೊಟ್ಟ ಎರಡು ಹಾಳೆ ಮಾತ್ರ. ನಮ್ಮ ಸ್ನೇಹಲಳ ಒಂಬತ್ತನೆಯ ತರಗತಿಗೆ ರಂಜನಾ ಮೇಡಂ ಭಾಷೆ ಕಲಿಸುತ್ತಾರೆ, ಕಂಪ್ಯೂಟರ್ ತರಗತಿಯೂ ಅವರದೇ. ಹನ್ನೊಂದು ಯಂತ್ರ, ನಲವತ್ತಾರು ಮಕ್ಕಳು. ದೀಪಾವಳಿ ರಜೆ ಮುಗಿದ ಮೇಲೆ ಅವರು ತರಗತಿಗೆಂದು ಒಂದು ಬ್ಲಾಗ್ ಮಾಡಿದರು. ಇಂಟರ್ನೆಟ್ಟಿನಲ್ಲಿ ಹಚ್ಚಿದ ಗೋಡೆಪತ್ರಿಕೆ ಎಂದುಕೊ. ಹುಡುಗರು ಬರೆದದ್ದನ್ನು ಯಾವ ಊರಿನವರಾದರೂ ಓದಬಹುದು, ಓದಿ ಅದರ ಕೆಳಗೆ ತಮ್ಮ ಎರಡು ಮಾತು ಬರೆಯಬಹುದು. ಪಾಲಕರ ಸಭೆಯಲ್ಲಿ ನಾನೇ ಎದ್ದು ನಿಂತು, ಇದಕ್ಕೆಲ್ಲ ಬರೆಯುವ ವಹಿ ಸಾಲದೇ ಎಂದು ಕೇಳಿದೆ. ಅಥಣಿ ಕಡೆಯ ಹೆಣ್ಣುಮಗಳು, ನನ್ನ ಮರಾಠಿ ಕೇಳಿದ ಕೂಡಲೇ ಕನ್ನಡಕ್ಕೆ ಇಳಿದರು. "ವಹಿ ಒಳಗ ಬರದ್ರ ನಾ ಒಬ್ಬಾಕಿ ಓದ್ತೀನ್ರಿ, ಅದೂ ಕೆಂಪು ಪೆನ್ ಹಿಡಕೊಂಡು. ಓದವ್ರು ಬ್ಯಾರೆ ಯಾರೋ ಅದಾರಂದ್ರ ಹುಡುಗ್ರು ತಾವ ಎರಡ ಸಲ ತಿದ್ತಾರ." ನಾನು ಕೂತೆ. ಹಿಂದಿನ ಬೆಂಚಿನಲ್ಲಿದ್ದ ಒಬ್ಬ ತಂದೆ ನಕ್ಕ.

ಅವರು ಹಾಕಿದ ನಿಯಮ ನಿನಗೆ ಗೊತ್ತಿರಬೇಕು. ಪಾಠಪುಸ್ತಕದ ವಿಷಯ ಬೇಡ. ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ಯಾರಾದರೂ ಕೈಯಿಂದ ಮಾಡುವ, ಇಲ್ಲವೇ ಒಂದು ಕಾಲಕ್ಕೆ ಮಾಡಿದ ಕೆಲಸದ ಬಗ್ಗೆ ಕೇಳಿ ಬರೆಯಬೇಕು. ಬರೆದದ್ದನ್ನು ಯಾರ ಬಗ್ಗೆ ಬರೆದಿದೆಯೋ ಅವರಿಗೇ ಓದಿ ಹೇಳಿ ಸಹಿ ತರಬೇಕು. ಸಹಿ ಇಲ್ಲದಿದ್ದರೆ ಅದು ಬ್ಲಾಗಿಗೆ ಹೋಗುವುದಿಲ್ಲ. ಬೇರೆ ಇಬ್ಬರು ಬರೆದದ್ದರ ಕೆಳಗೆ ಒಂದೊಂದು ಪ್ರಶ್ನೆ ಕೇಳಬೇಕು. 'ಚೆನ್ನಾಗಿದೆ' ಎಂದು ಬರೆದರೆ ಸೊನ್ನೆ. ಒಬ್ಬ ಹುಡುಗ ತಂದೆಯ ಗಡಿಯಾರ ರಿಪೇರಿ ಬಗ್ಗೆ ಬರೆದ. ಒಬ್ಬಳು ತಾಯಿ ಸೀರೆಗೆ ಫಾಲ್ ಹಚ್ಚುವುದನ್ನು ಬರೆದಳು. ಸೂಜಿಯನ್ನು ಏಕೆ ಓರೆಯಾಗಿ ಹಿಡಿಯುತ್ತಾರೆ ಎಂದು ಸ್ನೇಹಲ್ ಅವಳನ್ನು ಕೇಳಿದಳು. ನನ್ನ ಮಗಳು ಸೂಜಿಯ ಬಗ್ಗೆ ಯೋಚಿಸಿದ್ದು ಅದೇ ಮೊದಲು. ಅವಳು ಯೋಚಿಸಿದ್ದನ್ನು ನಾನು ಗಮನಿಸಿದ್ದೂ ಅದೇ ಮೊದಲು.

ತನ್ನ ಪಾಲಿಗೆ ಸ್ನೇಹಲ್ ಅವ್ವನನ್ನು ಆರಿಸಿಕೊಂಡಳು. ನಾಲ್ಕು ಸಂಜೆ ಅಡಿಗೆಮನೆಯ ಮೂಲೆಯಲ್ಲಿ ಅಜ್ಜಿ, ಮೊಮ್ಮಗಳು ಕೂತಿದ್ದರು. ಅಪ್ಪ ಸತ್ತ ಮರುವರ್ಷ, ಅಂದರೆ 1967ರಲ್ಲಿ, ನಮ್ಮಿಬ್ಬರನ್ನು ಕರೆದುಕೊಂಡು ಪುಣೆಗೆ ಬಂದದ್ದು; ಸ್ವಾರಗೇಟಿನ ಹಿಂದೆ ಗಂಗೂಬಾಯಿಯ ಖಾನಾವಳಿಯಲ್ಲಿ ಹದಿನಾಲ್ಕು ವರ್ಷ ಜೋಳದ ರೊಟ್ಟಿ ಬಡಿದದ್ದು. ಎಲ್ಲವನ್ನೂ ಅವ್ವ ಹೇಳಿದಳು, ನಾನು ಕೇಳದೇ ಇದ್ದದ್ದನ್ನೂ ಹೇಳಿದಳು. ಆ ಖಾನಾವಳಿಯಲ್ಲಿ ಮೂವರು ರೊಟ್ಟಿ ಮಾಡುವವರಿದ್ದರು. ರೊಟ್ಟಿ ದಪ್ಪವಾಯಿತು, ಹಸಿಯಾಯಿತು ಎಂದು ಊಟಕ್ಕೆ ಬಂದ ಹುಡುಗರು ದೂರಿದರೆ ತಪ್ಪು ಯಾರದು ಎಂದು ತಿಳಿಯಲು ಗಂಗೂಬಾಯಿ ಒಂದು ಪದ್ಧತಿ ಮಾಡಿದ್ದಳಂತೆ. ರೊಟ್ಟಿಯನ್ನು ಹಂಚಿಗೆ ಹಾಕುವ ಮೊದಲು ಒಬ್ಬಳು ಅಂಚಿನಲ್ಲಿ ಒಂದು ಬೆರಳು ಒತ್ತಬೇಕು, ಇನ್ನೊಬ್ಬಳು ಎರಡು, ಅವ್ವ ಮೂರು. ನಾವಿಬ್ಬರೂ ಎಷ್ಟು ವರ್ಷ ಆ ರೊಟ್ಟಿ ತಿಂದೆವು. ಆ ಮೂರು ಕುಳಿ ರೊಟ್ಟಿಯೊಂದಿಗೇ ಹುಟ್ಟುತ್ತವೆ ಎಂದು ನಾನು ತಿಳಿದಿದ್ದೆ. ನಿನಗೆ ಗೊತ್ತಿತ್ತೇ? ಇಂದಿಗೂ ಅವಳು ಮಾಡುವ ರೊಟ್ಟಿಯ ಅಂಚಿನಲ್ಲಿ ಅವು ಇವೆ. ಗಂಗೂಬಾಯಿ ಸತ್ತು ಎಷ್ಟೋ ವರ್ಷವಾಯಿತು.

ಸ್ನೇಹಲ್ ಅಂಥದ್ದೊಂದು ರೊಟ್ಟಿಯ ಫೋಟೋ ತೆಗೆದು ಹಾಕಿ, ಮರಾಠಿಯಲ್ಲಿ ಎರಡು ಪುಟ ಬರೆದಳು. ಅವ್ವನಿಗೆ ಓದಿ ಹೇಳುವಾಗ ಅಲ್ಲಲ್ಲೇ ಕನ್ನಡ ಮಾಡಿದಳು. ಅವ್ವ ಎರಡು ಕಡೆ ತಿದ್ದಿಸಿದಳು. "ಬಡವಿ ಇದ್ದಳು ಅಂತ ಬರೀಬ್ಯಾಡವಾ. ಬಡವಿ ಅಂತ ನಾ ಎಲ್ಲಿ ಹೇಳೀನಿ? ರೊಟ್ಟಿ ಮಾಡ್ತಿದ್ದೆ ಅಂತ ಹೇಳೀನಿ." ಸಹಿಗೆ ಹೆಬ್ಬೆರಳು ಕೇಳಿದರೆ, ಇಂಕಿನ ಪ್ಯಾಡಿನ ಮೇಲೆ ಮೂರು ಬೆರಳು ಇಟ್ಟು ಒತ್ತಿದಳು. ಅಣ್ಣಾ, ಆ ಪುಟ ಸ್ನೇಹಲಳದಲ್ಲ, ನನ್ನದಲ್ಲ, ನಿನ್ನದಂತೂ ಅಲ್ಲ. ಅವ್ವ ಕೇಳಿ, ತಿದ್ದಿಸಿ, ಒಪ್ಪಿ, ಒತ್ತಿ ಕೊಟ್ಟದ್ದು.

ಆಮೇಲೆ ಆದದ್ದನ್ನು ಯಾರೂ ಎಣಿಸಿರಲಿಲ್ಲ. ಗಡಿಯಾರದವನ ಮಗನ ಸೋದರಮಾವ ಅದನ್ನು ಓದಿದ. ಅವನು ಎಪ್ಪತ್ತೆರಡರಿಂದ ನಾಲ್ಕು ವರ್ಷ ಅದೇ ಖಾನಾವಳಿಯಲ್ಲಿ ಉಂಡವನು. ಮೂರು ಬೆರಳಿನ ರೊಟ್ಟಿ ಸಿಕ್ಕ ದಿನ ನಾವು ಒಬ್ಬರಿಗೊಬ್ಬರು ತೋರಿಸಿಕೊಂಡು ತಿನ್ನುತ್ತಿದ್ದೆವು, ಮಾಡಿದವರು ಯಾರೆಂದು ಇಂದು ಗೊತ್ತಾಯಿತು ಎಂದು ಬರೆದ. ತನ್ನ ಹಳೆಯ ಗೆಳೆಯರಿಗೆಲ್ಲ ಇಮೇಲ್ ಕಳಿಸಿದ. ಒಬ್ಬೊಬ್ಬರಾಗಿ ಬಂದರು. ನಾಸಿಕದ ಒಬ್ಬ ಡಾಕ್ಟರ್, ರತ್ನಾಗಿರಿಯ ಒಬ್ಬ ಮಾಸ್ತರ, ಮಸ್ಕತ್ತಿನಿಂದ ಒಬ್ಬ ಇಂಜಿನಿಯರು. ಪರೀಕ್ಷೆಯ ದಿನ ಮೂರು ಬೆರಳು ಸಿಕ್ಕರೆ ಪಾಸು ಎಂಬ ನಂಬಿಕೆ ಇತ್ತು ಎಂದು ಒಬ್ಬ ಬರೆದ. ತನಗೆ ಸಿಕ್ಕೂ ನಪಾಸಾಯಿತು ಎಂದು ಇನ್ನೊಬ್ಬ. ಒಟ್ಟು ಇಪ್ಪತ್ತಮೂರು. ಮನೆಯಲ್ಲಿ ಕಂಪ್ಯೂಟರ್ ಇಲ್ಲವಲ್ಲ, ಸ್ನೇಹಲ್ ಶಾಲೆಯಲ್ಲಿ ಅವನ್ನೆಲ್ಲ ವಹಿಯಲ್ಲಿ ಇಳಿಸಿಕೊಂಡು ಬಂದು ಸಂಜೆ ಅವ್ವನಿಗೆ ಓದುತ್ತಿದ್ದಳು. ಒಳಗಿನ ಒಲೆಯ ಮುಂದೆ ಕೂತವಳು ಉಣ್ಣುವವರ ಮುಖ ಎಂದೂ ನೋಡಿರಲಿಲ್ಲ. ಧ್ವನಿ ಮಾತ್ರ ಗೊತ್ತು. "ಈ ನಾಸಿಕದಾಂವಾ 'ಅಜೂನ್ ಏಕ್, ಅಜೂನ್ ಏಕ್' ಅಂತ ಇನ್ನೊಂದ ರೊಟ್ಟಿಗೆ ಒದರತಿದ್ದನಲ್ಲ, ಆಂವನ ಇರಬೇಕು. ಈಗರ ಹೊಟ್ಟಿ ತುಂಬೇತೇನ ಕೇಳವಾ." ಸ್ನೇಹಲ್ ಮರುದಿನ ಅದನ್ನೇ ಬರೆದು ಕೇಳಿದಳು. ಈಗಲೂ ತುಂಬಿಲ್ಲ ಎಂದು ಡಾಕ್ಟರನ ಉತ್ತರ ಬಂತು. ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಅವಳು ಹಾಗೆ ನಗುತ್ತಾಳೆಂದು ನನಗೆ ಗೊತ್ತಿರಲಿಲ್ಲ.

ರಂಜನಾ ಮೇಡಂ ಅದನ್ನೇ ಪಾಠ ಮಾಡಿದರು. ಉತ್ತರ ಬಂದ ಊರುಗಳನ್ನು ನಕಾಶೆಯ ಮೇಲೆ ಗುರುತಿಸಬೇಕು, ಇವರೆಲ್ಲ ಆಗ ಪುಣೆಗೆ ಏಕೆ ಬಂದರು, ಆಮೇಲೆ ಏಕೆ ಹೋದರು ಎಂದು ಮಕ್ಕಳು ಕೇಳಿ ಬರೆಯಬೇಕು. ನಾನು ಕಚೇರಿಯ ಹಾಳೆಯ ಮೇಲೆ ಐದಡಿ ಅಗಲದ ನಕಾಶೆ ಬರೆದು ಕೊಟ್ಟೆ. ನನ್ನ ಗೆರೆ ಒಂದು ಗೋಡೆಯ ಮೇಲೆ ನಿಂತದ್ದೂ, ಅದರ ಮುಂದೆ ಯಾರೋ ಬೆರಳಿಟ್ಟು ವಾದ ಮಾಡಿದ್ದೂ ಅದೇ ಮೊದಲು. ಅದನ್ನೀಗ ಸುತ್ತಿ ಮನೆಗೆ ಕಳಿಸಿದ್ದಾರೆ. ಬೆರಳು ಒತ್ತಿ ಒತ್ತಿ ಮಸ್ಕತ್ ಇದ್ದಲ್ಲಿ ಒಂದು ತೂತಾಗಿದೆ.

ಇಪ್ಪತ್ತನಾಲ್ಕನೆಯದು ರೋಹಿತನದು, ನಿನ್ನ ಬೀಗರಾಗುವವರ ಮಗ, ಮಾಂತುವಿನ ಹುಡುಗಿಯ ಅಣ್ಣ. ಇಲ್ಲಿಯೇ ಕೆಲಸಕ್ಕಿದ್ದಾನೆ. ನಮ್ಮ ಅಡ್ಡಹೆಸರು ಹಾಕಿ ಹುಡುಕಿದಾಗ ಈ ಪುಟ ಸಿಕ್ಕಿತಂತೆ. ಇವರು ಮಾಂತುವಿನ ಅಜ್ಜಿಯಲ್ಲವೇ, ಖಾನಾವಳಿ ಅವರದೇ ಆಗಿತ್ತೆಂದು ನಮಗೆ ಹೇಳಿದ್ದರಲ್ಲ ಎಂದು ಬರೆದ. ಅದನ್ನು ನೀನು ಮುಖ್ಯಾಧ್ಯಾಪಕರ ಕೋಣೆಯಲ್ಲಿ ಗಟ್ಟಿಯಾಗಿ ಓದಿದೆ. ಅದರ ಮುಂದೆ ಇನ್ನೊಂದು ಸಾಲಿತ್ತು, ಅದನ್ನು ಓದಲಿಲ್ಲ. 'ನನ್ನ ಅಜ್ಜಿ ಸೊಲ್ಲಾಪುರದಲ್ಲಿ ಬೀಡಿ ಕಟ್ಟುತ್ತಿದ್ದಳು, ನಾವೂ ಯಾರಿಗೂ ಹೇಳುವುದಿಲ್ಲ.' ಅವನು ನಿನ್ನ ಬಾಗಿಲನ್ನು ಒದೆಯಲು ಬಂದಿರಲಿಲ್ಲ, ಅಣ್ಣಾ. ತನ್ನ ಬಾಗಿಲು ತೆಗೆದು ನಿಂತಿದ್ದ.

ಹತ್ತು ದಿನದ ಹಿಂದಿನ ಆ ಗುರುವಾರ ನೀನು ಇಂದಾಪುರದಿಂದ ಕಾರು ಮಾಡಿಕೊಂಡು ಬಂದೆ. ಕಚೇರಿಯಿಂದ ನನ್ನನ್ನು ಎಬ್ಬಿಸಿಕೊಂಡು ನೇರ ಶಾಲೆಗೆ ಹೋದೆ. ನೀನು ಆಡಿದ್ದೆಲ್ಲ ನನಗೆ ನೆನಪಿದೆ, ಏಕೆಂದರೆ ನಾನು ಏನನ್ನೂ ಆಡಲಿಲ್ಲ. "ಮುದುಕಿ ಅದಾಳ್ರಿ, ನೆನಪಿನ ಶಕ್ತಿ ಹೋಗೇದ. ಖಾನಾವಳಿ ನಮ್ಮದ ಇತ್ತು. ಹುಡುಗಿ ಏನೋ ಕಟ್ಟಿ ಬರದಾಳ, ನೀವು ಅದನ್ನ ಜಗತ್ತಿಗೆಲ್ಲಾ ತೋರಸ್ತೀರಿ. ನಮ್ಮ ಮರ್ಯಾದಿ ಏನಾತ್ರಿ?" ಅದನ್ನೇ ಮರಾಠಿಯಲ್ಲೂ ಹೇಳಿದೆ. ರಂಜನಾ ಮೇಡಂ ಮೂರು ಬೆರಳಿನ ಹಾಳೆ ತಂದು ಮೇಜಿನ ಮೇಲೆ ಇಟ್ಟರು. ನೀನು ಅದರ ಕಡೆ ನೋಡಲಿಲ್ಲ. "ಸಾಹೇಬ್ರ, ಅಜ್ಜಿನ್ನ ಒಂದ ಸಲ ಕರದು ಕೇಳೂಣು" ಎಂದರು ಅವರು. "ನಮ್ಮ ಮನಿ ಹಿರೇ ಹೆಣ್ಣಮಕ್ಕಳು ಸಾಲಿ ಮೆಟ್ಟಲಾ ಹತ್ತಂಗಿಲ್ಲ" ಎಂದೆ ನೀನು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಬ್ಬಳೇ ಈ ಊರಿನ ಬೀದಿ ದಾಟಿ ಒಲೆ ಹೊತ್ತಿಸಲು ಹೋಗುತ್ತಿದ್ದ ಹೆಂಗಸಿನ ಮಗ ಆಡಿದ ಮಾತು ಅದು.

ಮುಖ್ಯಾಧ್ಯಾಪಕರಿಗೆ ಬೇಕಾದದ್ದು ಗಲಾಟೆ ಇಲ್ಲದ ಮಧ್ಯಾಹ್ನ. ನೀವಿಬ್ಬರೂ ಬರೆದು ಕೊಡಿ, ಪುಟ ತೆಗೆಸುತ್ತೇವೆ ಎಂದರು. ನೀನು ಹಿರಿಯನೆಂದು ದೂರು ಬರೆದೆ. ಕೆಳಗೆ ಪಾಲಕರ ಒಪ್ಪಿಗೆ ಎಂದು ಒಂದು ಗೆರೆ ಇತ್ತು. ನೀನು ಪೆನ್ನು ನನ್ನ ಕಡೆ ಹೊರಳಿಸಿದೆ. ನಾನು ಸಹಿ ಮಾಡಿದೆ. ಅದರ ಬಗ್ಗೆ ಇನ್ನೇನು ಹೇಳಲಿ? ಒಳ್ಳೆಯ ಅಕ್ಷರದಲ್ಲಿ, ನಕಾಶೆಯ ಮೂಲೆಯಲ್ಲಿ ಮಾಡುವ ಹಾಗೆಯೇ ಸಹಿ ಮಾಡಿದೆ. ರಂಜನಾ ಮೇಡಂ ನಿನ್ನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಅಂದೇ ಸಂಜೆ ಪುಟ ಹೋಯಿತು, ಅದರ ಜೊತೆಗೆ ಇಪ್ಪತ್ತನಾಲ್ಕು ಉತ್ತರಗಳೂ ಹೋದವು. ಸೋಮವಾರದ ಹೊತ್ತಿಗೆ ಇಡೀ ಬ್ಲಾಗನ್ನೇ ಮುಚ್ಚಿಸಿದರು. ಗಡಿಯಾರ, ಸೀರೆಯ ಫಾಲ್, ನಲವತ್ತಾರು ಮನೆಯ ಕೈಗಳು. ಈಗ ಆ ಹನ್ನೊಂದು ಯಂತ್ರಗಳ ಮುಂದೆ ಮಕ್ಕಳು ಟೈಪಿಂಗ್ ಕಲಿಯುತ್ತಾರೆ. ಒಂದೇ ವಾಕ್ಯ, ಪುಟ ತುಂಬುವ ತನಕ.

ಆದರೂ ನನ್ನ ಸಿಟ್ಟು ಶಾಲೆಯಲ್ಲಿ ಹುಟ್ಟಿದ್ದಲ್ಲ. ಅಲ್ಲಿಂದ ನೀನು ನಮ್ಮ ಮನೆಗೆ ಬಂದೆ. ಅವ್ವ ಈಚೆಗೆ ರೊಟ್ಟಿ ಮಾಡುವುದನ್ನು ಕಡಿಮೆ ಮಾಡಿದ್ದಾಳೆ, ಮಣಿಕಟ್ಟು ನೋಯುತ್ತದೆ. ನೀನು ಬಂದೆ ಎಂದು ಒಲೆಯ ಮುಂದೆ ಕೂತಳು. ನೀನು ಎರಡು ರೊಟ್ಟಿ ಉಂಡು ಮೂರನೆಯದಕ್ಕೆ ತಾಟು ಚಾಚಿ, "ಕೈರುಚಿ ಹಂಗ ಅದ ನೋಡವಾ" ಎಂದೆ. ಅವಳು ರೊಟ್ಟಿ ಹಾಕಿ, "ಸ್ನೇಹಲ್ ಬರದದ್ದ ನೋಡಿಯೇನೋ ಶಿವಪುತ್ರಾ?" ಎಂದು ಕೇಳಿದಳು. ಹಿಟ್ಟಿನ ಕೈ ಎತ್ತಿ ಹಿಡಿದು ಕೇಳಿದಳು, ನಾನು ನೋಡಿದೆ. "ನೋಡೀನಿ. ಗುರೆಳ್ಳ ಚಟ್ನಿ ಹಾಕು" ಎಂದೆ. ಅವಳು ಹಾಕಿದಳು. ನೀನು ತಿಂದೆ. ಸಿಟ್ಟು ಹುಟ್ಟಿದ್ದು ಆ ಹೊತ್ತು ಅಣ್ಣಾ, ಆದರೂ ನಾನೇ ಎದ್ದು ನಿನಗೆ ನೀರಿನ ತಂಬಿಗೆ ಕೊಟ್ಟೆ.

ನಿನ್ನ ಕಡೆಯದನ್ನೂ ಹೇಳುತ್ತೇನೆ, ಇಲ್ಲದಿದ್ದರೆ ಇದು ಪತ್ರವಾಗುವುದಿಲ್ಲ, ನಿನ್ನ ದೂರಿನಂಥ ಇನ್ನೊಂದು ದೂರಾಗುತ್ತದೆ. ಹದಿನಾಲ್ಕಕ್ಕೆ ಶಾಲೆ ಬಿಟ್ಟು ಭವಾನಿ ಪೇಟೆಯಲ್ಲಿ ಕಬ್ಬಿಣ ಹೊತ್ತವನು ನೀನು; ನಾನು ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತದ್ದು ಅದರಿಂದ. ಎಪ್ಪತ್ತೇಳರಲ್ಲಿ ನಿನಗೆಂದು ನೋಡಿದ ವಿಜಾಪುರದ ಆ ಸಂಬಂಧ ತಪ್ಪಿಹೋದಾಗ ಹುಡುಗಿಯ ಸೋದರಮಾವ "ಖಾನಾವಳಿ ರೊಟ್ಟಿಯಾಕಿ ಮಗಗ ಹೆಣ್ಣ ಕೊಡೂದು ಹೆಂಗರಿ?" ಎಂದದ್ದನ್ನು ನೀನು ಮರೆತಿಲ್ಲ, ನಾನೂ ಮರೆತಿಲ್ಲ. ಆಮೇಲೆ ನೀನು ಇಂದಾಪುರದಲ್ಲಿ ಪೈಪಿನ ಅಂಗಡಿ ಹಾಕಿದೆ, ಗೋಡೆಯ ಮೇಲೆ ಅಪ್ಪ ಜಟ್ಟೆಪ್ಪನ ಫೋಟೋ ಹಾಕಿದೆ, ಕೇಳಿದವರಿಗೆ 'ಪುಣೆದಾಗ ನಮ್ಮವ್ವನ ಖಾನಾವಳಿ ಇತ್ತು' ಎನ್ನತೊಡಗಿದೆ. ಮೊದಮೊದಲು ಗಿರಾಕಿಗಳ ಮುಂದೆ, ಆಮೇಲೆ ಬೀಗರ ಮುಂದೆ, ಕೊನೆಗೆ ಮಾಂತುವಿನ ಮುಂದೆಯೂ. ನನಗೆ ಗೊತ್ತಿತ್ತು, ನಾನು ಹೂಂ ಎನ್ನುತ್ತಿದ್ದೆ. ಆದರೆ ಆ ಗಾಯ ನಿನ್ನದು. ಅವ್ವನಿಗೆ ಅದು ಗಾಯವೇ ಅಲ್ಲ. ನಿನ್ನ ಗಾಯಕ್ಕೆ ನೀನು ಅವಳ ಬಾಯಿಗೆ ಪಟ್ಟಿ ಕಟ್ಟಿದೆ. ಈ ಮೂವತ್ತು ವರ್ಷ ನಾನು ಆ ಪಟ್ಟಿಯ ತುದಿ ಹಿಡಿದು ನಿಂತಿದ್ದೆ.

ಸ್ನೇಹಲ್ ನನ್ನನ್ನು ಒಂದೇ ಮಾತು ಕೇಳಿದಳು. "ಅಪ್ಪಾ, ಆ ಸಹಿ ನಿಂದ?" ಹೌದೆಂದೆ. ಅಂದಿನಿಂದ ಅವಳು ನನ್ನ ಜೊತೆ ಮರಾಠಿಯಲ್ಲಿ ಮಾತಾಡುತ್ತಾಳೆ. ತಾಯಿಯ ಜೊತೆ ಕನ್ನಡ, ಅಜ್ಜಿಯ ಜೊತೆ ಕನ್ನಡ, ನನ್ನ ಜೊತೆ ಬಸ್ಸಿನ ಕಂಡಕ್ಟರನ ಜೊತೆ ಆಡುವಂಥ ಮರಾಠಿ. ಮರ್ಯಾದೆಯಿಂದ, ಬಹುವಚನದಲ್ಲಿ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಮರಾಠಿಯಲ್ಲಿ ಉತ್ತರಿಸುತ್ತಾಳೆ. ಹೊಡೆದರೆ ಸಹಿಸಬಹುದಿತ್ತು ಎಂದು ಮನೆಯವಳ ಹತ್ತಿರ ಹೇಳಿದೆ. "ಆಕಿ ಯಾಕ ಹೊಡೀತಾಳ? ನಿಮಗ ನೀವ ಹೊಡಕೋರಿ" ಎಂದಳು ಇವಳು, ಮೆಂತ್ಯದ ಸೊಪ್ಪು ಬಿಡಿಸುತ್ತ.

ಇನ್ನು ಕೇಳು. ಅವ್ವನಿಗೆ ಪುಟ ಹೋದದ್ದು ಗೊತ್ತಿಲ್ಲ. ನೀನು ಬಂದುಹೋದ ಮರುದಿನ ಶುಕ್ರವಾರ ಸಂಜೆ ಎಂದಿನಂತೆ "ಯಾರರ ಬರದಾರೇನವಾ ಇವತ್ತ?" ಎಂದು ಕೇಳಿದಳು. ನಾನು ಪೇಪರು ಮುಖಕ್ಕೆ ಹಿಡಿದೆ. ಸ್ನೇಹಲ್ ಚೀಲದಿಂದ ವಹಿ ತೆಗೆದು ಓದಿದಳು. ಕೊಲ್ಹಾಪುರದಿಂದ ಒಬ್ಬ ವಕೀಲನಂತೆ, ಮಳೆಗಾಲದಲ್ಲಿ ಖಾನಾವಳಿಗೆ ಬಂದಾಗ ಒದ್ದೆ ಚಪ್ಪಲಿಯನ್ನು ಒಲೆಯ ಕಡೆಯ ಗೋಡೆಗೆ ಒರಗಿಸುತ್ತಿದ್ದೆವು, ಆ ಗೋಡೆ ಬೆಚ್ಚಗಿರುತ್ತಿತ್ತು, ಅದರ ಆಚೆ ನೀವು ಇದ್ದಿರಿ ಎಂದು ಬರೆದಿದ್ದನಂತೆ. ಎಷ್ಟು ನಿಜವಿತ್ತೆಂದರೆ, ಯಾವುದೋ ಉತ್ತರ ಮೊದಲೇ ಬಂದು ಉಳಿದಿರಬೇಕು ಎಂದುಕೊಂಡೆ. ಮರುದಿನ ಇನ್ನೊಂದು, ಸೋಮವಾರ ಎರಡು. ಅವಳು ಶಾಲೆಗೆ ಹೋದಾಗ ವಹಿ ತೆರೆದು ನೋಡಿದೆ. ಹೊಡೆದು ಹಾಕಿದ ಸಾಲುಗಳು, ಮೇಲೆ ತಿದ್ದಿದ ಸಾಲುಗಳು. ವಕೀಲ ಮೊದಲು ಸಾಂಗ್ಲಿಯವನಾಗಿದ್ದ. ಎಲ್ಲವನ್ನೂ ಅವಳೇ ಬರೆಯುತ್ತಿದ್ದಾಳೆ. ಹದಿನಾಲ್ಕು ವರ್ಷದ ಹುಡುಗಿ ದಿನಕ್ಕೊಬ್ಬ ಮುದುಕನನ್ನು ಹುಟ್ಟಿಸಿ, ಅವನಿಗೆ ಊರು, ಹಸಿವು, ಒಂದು ಮಳೆಗಾಲ ಕೊಟ್ಟು ಅಜ್ಜಿಯ ಮುಂದೆ ತಂದು ಕೂಡಿಸುತ್ತಿದ್ದಾಳೆ. 'ಕಟ್ಟಿ ಬರದಾಳ' ಎಂದು ನೀನು ಶಾಲೆಯಲ್ಲಿ ಹೇಳಿದಾಗ ಅದು ಸುಳ್ಳಾಗಿತ್ತು. ಈಗ ನಿಜ ಮಾಡಿಕೊಟ್ಟೆವು, ನೀನು ಮತ್ತು ನಾನು. ನಿಲ್ಲಿಸು ಎಂದು ಅವಳಿಗೆ ಹೇಳಲು ನನಗೆ ಬಾಯಿಲ್ಲ. ಹೇಳಿದರೂ ಯಾವ ಭಾಷೆಯಲ್ಲಿ ಹೇಳಲಿ?

ನಿನ್ನೆ ಶನಿವಾರ ನಾನು ಒಬ್ಬನೇ ಶಾಲೆಗೆ ಹೋಗಿ, ನನ್ನ ಒಪ್ಪಿಗೆಯನ್ನು ಹಿಂದೆಗೆದುಕೊಂಡಿದ್ದೇನೆ, ಸ್ನೇಹಲ್ ಬರೆದದ್ದೆಲ್ಲ ನಿಜ, ನಾನೇ ಸಾಕ್ಷಿ ಎಂದು ಬರೆದು ಕೊಟ್ಟೆ. ಮುಖ್ಯಾಧ್ಯಾಪಕರು ಎರಡು ಸಲ ಓದಿದರು. ದೂರು ನಿಮ್ಮ ಅಣ್ಣನವರದು, ಅವರೂ ಹಿಂದೆಗೆದುಕೊಳ್ಳದೆ ನಾನೇನೂ ಮಾಡಲಾರೆ ಎಂದರು. ಪುಟ ಅಳಿಸಿಲ್ಲವಂತೆ, ಮರೆಮಾಡಿ ಇಟ್ಟಿದ್ದಾರೆ. ರಂಜನಾ ಮೇಡಂ ಒಂದು ಗುಂಡಿ ಒತ್ತಿದರೆ ಇಪ್ಪತ್ತನಾಲ್ಕು ಜನರ ಸಮೇತ ಮರಳಿ ಬರುತ್ತದೆ. ಹೊರಗೆ ಬರುವಾಗ ಮೇಡಂ ಸಿಕ್ಕರು. ಕ್ಷಮೆ ಕೇಳಬೇಕೆಂದು ನಿಂತೆ. "ಹುಡುಗಿ ಬರೀಲಿಕ್ಕೆ ಹತ್ಯಾಳೇನ್ರಿ ಇನ್ನೂ?" ಎಂದು ಅವರೇ ಕೇಳಿದರು. ಬರೆಯುತ್ತಿದ್ದಾಳೆ ಎಂದೆ. "ಬರೀಲಿ ಬಿಡ್ರಿ" ಎಂದು ಟೈಪಿಂಗ್ ತರಗತಿಗೆ ಹೋದರು.

ಹಾಗಾಗಿ ನಿನ್ನ ಎರಡು ಸಾಲು ಬೇಕು. ದೂರು ಹಿಂದೆಗೆದುಕೊಂಡಿದ್ದೇನೆ ಎಂಬುದಷ್ಟೇ. ಕಾರಣ ಬರೆಯಬೇಡ, ಕ್ಷಮೆ ಕೇಳಬೇಡ. ಬರುವ ರವಿವಾರ ನಿಶ್ಚಯ ಕಾರ್ಯ, ಅದರೊಳಗೆ ಬರೆದು ಕಳಿಸು. ನೀನು ಬರೆಯದಿದ್ದರೆ ನಾನು ಕಾರ್ಯಕ್ಕೆ ಬರುವುದಿಲ್ಲ. ಮಾಂತುವಿನ ಮೇಲೆ ನನಗೆ ಪ್ರೀತಿ ಎಷ್ಟಿದೆ ಎಂಬುದು ನಿನಗೆ ಗೊತ್ತಿದೆ. ಹುಟ್ಟಿದಾಗಿನಿಂದ ನಿನ್ನ ಒಂದು ಮಾತನ್ನೂ ನಾನು ಮೀರಿಲ್ಲ. ಆದ್ದರಿಂದ ಇದನ್ನು ಬೆದರಿಕೆ ಎಂದು ತಿಳಿಯಲು ನಿನಗೆ ಸ್ವಲ್ಪ ಹೊತ್ತು ಹಿಡಿಯಬಹುದು. ಬೆದರಿಕೆಯೇ ಹೌದು.

ವೈನಿಗೆ ನಮಸ್ಕಾರ. ಕಣ್ಣಿನದನ್ನು ಬಹಳ ದಿನ ತಡೆಯಬಾರದು ಎಂದು ಹೇಳು. ಮಾಂತುವಿಗೂ, ನಾನಿನ್ನೂ ನೋಡದ ಆ ಹುಡುಗಿಗೂ ನನ್ನ ಮತ್ತು ಇವಳ ಆಶೀರ್ವಾದ. ನಿನ್ನ ಕಾಲು ಮುಟ್ಟುತ್ತೇನೆ, ಸಿಟ್ಟು ಇಳಿದಿಲ್ಲ.

ನಿನ್ನ ತಮ್ಮ,
ಫಕೀರಪ್ಪ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಮೇಲೆ ಬರೆಯಲು ಧೈರ್ಯವಾಗದ್ದು ಇದು. ಬುಧವಾರ ಅವ್ವ ಸ್ನೇಹಲಳನ್ನು ಕೇಳಿದಳು: "ಇಷ್ಟ ಮಂದಿ ಬರದಾರ, ನಮ್ಮ ಶಿವಪುತ್ರ ಒಂದ ಮಾತ ಬರೀಲಿಲ್ಲಲ್ಲವಾ. ನೋಡೀನಿ ಅಂದಿದ್ದ." ಶುಕ್ರವಾರ ಸ್ನೇಹಲ್ ನಿನ್ನ ಹೆಸರಿನ ಉತ್ತರ ಓದಿದಳು. ಅದು ಹೀಗಿದೆ: 'ನಾನು ಶಿವಪುತ್ರಪ್ಪ, ಹಿರಿಯ ಮಗ. ಆ ಖಾನಾವಳಿ ನಮ್ಮದಾಗಿರಲಿಲ್ಲ. ರೊಟ್ಟಿ ನಮ್ಮದಾಗಿತ್ತು. ಇದನ್ನು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು, ಅವ್ವಾ.' ಅವ್ವ ಮೂರು ಸಲ ಓದಿಸಿದಳು. ನಿನ್ನೆ ಓಣಿಯವರಿಗೆಲ್ಲ ಹೇಳಿ ಬಂದಳು. ಮಗನೇ ಜಗತ್ತಿಗೆ ಬರೆದ ಮೇಲೆ ಮುಚ್ಚಿಡುವುದೇನು, ಬೀಗರಿಗೆ ನಿಶ್ಚಯದ ದಿನ ತಾನೇ ರೊಟ್ಟಿ ಮಾಡಿ ಹಾಕಿ, ಗಂಗೂಬಾಯಿಯ ಕಥೆ ತಾನೇ ಹೇಳುತ್ತಾಳಂತೆ. ಮಣಿಕಟ್ಟಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದಾಳೆ. ನನಗಾಗಿ ಕಾಯುವುದಿಲ್ಲ, ಸ್ನೇಹಲಳನ್ನು ಕರೆದುಕೊಂಡು ಬರುವ ಶನಿವಾರ ಸ್ವಾರಗೇಟಿನಿಂದ ಹೊರಡುತ್ತಾಳೆ. ಬಸ್ಸು ಹನ್ನೊಂದರ ಸುಮಾರಿಗೆ ಇಂದಾಪುರ ಮುಟ್ಟುತ್ತದೆ. ಇಳಿದ ಕೂಡಲೇ ಅವಳು ನಿನ್ನ ಮುಖ ನೋಡುತ್ತಾಳೆ. ಅಷ್ಟರೊಳಗೆ ಮೇಲಿನ ನಾಲ್ಕು ಮಾತು ಬಾಯಿಪಾಠ ಮಾಡಿಕೊ. ಆಗದಿದ್ದರೆ 'ಅದನ್ನು ನಾನು ಬರೆದಿಲ್ಲ' ಎಂದು ಬಸ್ ಸ್ಟ್ಯಾಂಡಿನಲ್ಲೇ ನೀನೇ ಅವಳಿಗೆ ಹೇಳು.